ಎ ಸ್ಟಾರ್ ಈಸ್ ಬಾರ್ನ್: ಆರ್ಕೆಸ್ಟ್ರಾದವರು ಕಿವಿಗೊಟ್ಟು ನೋಡಬೇಕಾದ ಸಿನಿಮಾ

ದುಗ್ಗಮ್ಮನ ಜಾತ್ರೆಗೋ ಗಣಪತಿ ಪೆಂಡಾಲಿಗೋ ಹಾಡಲು ಹೋಗುವ ದಾವಣಗೆರೆಯ ಆರ್ಕೆಸ್ಟ್ರಾದವರು 2018ರ ಈ ಚಿತ್ರ ನೋಡಬೇಕಾದ್ದು ಕಥೆಗಾಗಿ ಅಲ್ಲ. ಕುಡಿತದಿಂದ ಇಳಿಮುಖವಾದ ತಾರೆ, ಅವನ ಕೈಹಿಡಿದು ಮೇಲೇರುವ ಹೊಸಬಳು: ಹಾಲಿವುಡ್ ಇದನ್ನು 1937, 1954, 1976ರಲ್ಲೇ ತೆಗೆದು ಮುಗಿಸಿದೆ. ನೋಡಬೇಕಾದ್ದು ಸೌಂಡಿಗಾಗಿ.

ನಾಯಕಿಯಾಗಿ ನಟಿಸಿರುವ ಪಾಪ್ ಗಾಯಕಿ ಲೇಡಿ ಗಾಗಾ ಇಲ್ಲಿ ಬರೀ ತುಟಿ ಆಡಿಸಿಲ್ಲ. ಸೆಟ್ಟಿನಲ್ಲೇ ಲೈವ್ ಹಾಡಬೇಕೆಂದು ಪಟ್ಟು ಹಿಡಿದವರೇ ಅವರು. ಹಾಗಾಗಿ ನಾಯಕನೂ ನಿರ್ದೇಶಕನೂ ಆದ ಬ್ರಾಡ್ಲಿ ಕೂಪರ್ ಕೂಡ ಗಂಟಲು ಪಳಗಿಸಿಕೊಳ್ಳಬೇಕಾಯಿತು. ಆಸ್ಕರ್ ಗೆದ್ದ ‘ಶಾಲೋ’ ಹಾಡನ್ನೇ ಗಮನಿಸಿ. ಮೊದಲ ಸಾಲುಗಳಲ್ಲಿ ಅಳುಕು, ನಡುವೆ ಉಸಿರೆಳೆದುಕೊಳ್ಳುವ ಸದ್ದು. ಪದಗಳೇ ಇಲ್ಲದೆ ದನಿ ಮೇಲಕ್ಕೇರುವಾಗ ಗಾಗಾ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ಈ ಏರಿಳಿತ ಸಿಗದು. ಕ್ಯಾಮೆರಾ ಕೂಡ ಹೆಚ್ಚಾಗಿ ವೇದಿಕೆಯ ಮೇಲೇ ಇರುತ್ತದೆ, ಜನರ ನಡುವೆ ಇಳಿಯುವುದು ಕಡಿಮೆ.

ನಾಯಕನಿಗೆ ಕಿವಿಯಲ್ಲಿ ಸದಾ ಗುಂಯ್ ಎನ್ನುವ ತೊಂದರೆ. ಇನ್-ಇಯರ್ ಮಾನಿಟರ್ (ವೇದಿಕೆಯಲ್ಲಿ ತನ್ನ ಹಾಡು ಕೇಳಿಸಿಕೊಳ್ಳಲು ಕಿವಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಸ್ಪೀಕರ್) ಹಾಕಿಕೋ ಎಂದರೆ ಒಲ್ಲೆ ಅನ್ನುತ್ತಾನೆ. ಡಿಜೆ ಬಾಕ್ಸಿನ ಪಕ್ಕದಲ್ಲೇ ನಿಂತು ರಾತ್ರಿಯಿಡೀ ಹಾಡುವವರು ಈ ಭಾಗ ತಪ್ಪಿಸಬೇಡಿ. ಜೋರು ಸದ್ದಿಗೆ ಒಳಗಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಟಿವಿ ಸ್ಪೀಕರಿನಲ್ಲಿ ನೋಡಿದರೆ ಅರ್ಧ ಕೆಟ್ಟಂತೆ. ಕೂಪರ್ ದನಿ ತಗ್ಗಿಸಿ ಗೊಣಗುತ್ತಾರೆ, ವಾಲ್ಯೂಮ್ ಏರಿಸಿದಿರೋ ಮರುಕ್ಷಣವೇ ಡ್ರಮ್ಸ್ ಬಂದು ಬಡಿಯುತ್ತದೆ. 5.1 ಹೋಮ್ ಥಿಯೇಟರ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ಇದ್ದರೆ ಮಾತು ಬರುವುದು ಸೆಂಟರ್ ಸ್ಪೀಕರಿನಿಂದ. ಅದನ್ನಷ್ಟೇ 2-3 ಡೆಸಿಬೆಲ್ ಏರಿಸಿ. ‘ನೈಟ್ ಮೋಡ್’ ಆಫ್ ಇರಲಿ, ಅದು ಸಣ್ಣ ಸದ್ದನ್ನೂ ದೊಡ್ಡ ಸದ್ದನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಹೋಮ್ ಥಿಯೇಟರ್ ಇಲ್ಲವೇ? ಒಳ್ಳೆಯ ಹೆಡ್‌ಫೋನ್ ಸಾಕು. ಸಬ್‌ಟೈಟಲ್ ಅಂತೂ ಬೇಕೇಬೇಕು.

136 ನಿಮಿಷದಲ್ಲಿ ಮೊದಲರ್ಧ ಹೋದದ್ದೇ ತಿಳಿಯದು. ಆಮೇಲೆ ನಾಯಕಿ ಕೂದಲಿಗೆ ಬಣ್ಣ ಹಚ್ಚಿಕೊಂಡು ಪಾಪ್ ತಾರೆಯಾಗುವ ಭಾಗ ಸಪ್ಪೆ: ಆ ಹಾಡುಗಳು ಅವಳಿಗೆ ಇಷ್ಟವೋ, ಬಲವಂತಕ್ಕೋ ಎಂಬುದನ್ನು ಚಿತ್ರಕಥೆ ಹೇಳುವುದೇ ಇಲ್ಲ. ಮ್ಯಾನೇಜರ್ ಪಾತ್ರವಂತೂ ಹಳೇ ಸಿನಿಮಾದ ಸಾಹುಕಾರನ ಹಾಗೆ, ಕೆಡುಕು ಮಾಡಲೆಂದೇ ಬರುತ್ತಾನೆ. ಕುಡಿತ, ಬೈಗುಳ ಧಾರಾಳವಾಗಿರುವುದರಿಂದ ಮಕ್ಕಳು ಮಲಗಿದ ಮೇಲೆ ಹಾಕಿಕೊಳ್ಳಿ.