ಹತ್ತು ಪಾಠದ ಗಾಲ್ಫ್ ಪ್ಯಾಕೇಜ್: ಬೆಲೆಗಿಂತ ಮೊದಲು ಅವಧಿ ನೋಡಿ

ಗಾಲ್ಫ್ ಕಲಿಯಬೇಕೆಂದು ಡ್ರೈವಿಂಗ್ ರೇಂಜ್‌ಗೆ (ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಜಾಗಕ್ಕೆ) ಹೋದವರ ಮುಂದೆ ಸಾಮಾನ್ಯವಾಗಿ ಬಂದು ನಿಲ್ಲುವುದು ಹತ್ತು ಪಾಠದ ಪ್ಯಾಕೇಜ್. ಬಿಡಿ ಪಾಠಕ್ಕಿಂತ ಅಗ್ಗ, ಕೋಚ್ ಒಬ್ಬರೇ, ಕ್ಲಬ್ಬುಗಳನ್ನು, ಅಂದರೆ ಚೆಂಡು ಹೊಡೆಯುವ ಕೋಲುಗಳನ್ನು, ಅವರೇ ಕೊಡುತ್ತಾರೆ. ಹೊಸಬರಿಗೆ ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಹತ್ತು ಪಾಠವನ್ನೂ 30 ದಿನದೊಳಗೆ ಮುಗಿಸಬೇಕು ಎಂಬ ಷರತ್ತಿದ್ದರೆ ಅಲ್ಲೇ ಬಿಟ್ಟುಬಿಡಿ. ಮೂರು ದಿನಕ್ಕೊಂದು ಪಾಠವಾದರೆ ಕೋಚ್ ಹೇಳಿದ್ದು ಕೈಗೆ ಇಳಿಯುವ ಮೊದಲೇ ಇನ್ನೊಂದು ತಿದ್ದುಪಡಿ ತಲೆಗೆ ಏರಿರುತ್ತದೆ.

ಸರಿಹೋಗುವ ಲೆಕ್ಕ ಹೀಗಿದೆ: ಮೊದಲ ನಾಲ್ಕು ಪಾಠ ವಾರಕ್ಕೊಂದು, ಮುಂದಿನ ನಾಲ್ಕು ಹದಿನೈದು ದಿನಕ್ಕೊಂದು, ಕೊನೆಯ ಎರಡು ತಿಂಗಳಿಗೊಂದು. ಎಲ್ಲ ಸೇರಿ ಸುಮಾರು ನಾಲ್ಕೂವರೆ ತಿಂಗಳು. ಹಾಗಾಗಿ ಆರು ತಿಂಗಳ ಅವಧಿ ಕೊಡುವ ಪ್ಯಾಕೇಜ್ ಕೇಳಿ. 90 ದಿನ ಮಾತ್ರ ಎಂದರೆ ಈ ಲೆಕ್ಕದಲ್ಲಿ ಎಂಟು ಪಾಠವಷ್ಟೇ ಹಿಡಿಯುತ್ತದೆ. ಅಂಥ ಕಡೆ ಐದು ಪಾಠದ ಚಿಕ್ಕ ಪ್ಯಾಕೇಜನ್ನು ಎರಡು ಸಲ ಕೊಳ್ಳುವುದು ಜಾಣತನ. ಎರಡು ಪಾಠಗಳ ನಡುವೆ ಕನಿಷ್ಠ ಎರಡು ಸಲ, ಸಲಕ್ಕೆ ಐವತ್ತು ಚೆಂಡಿನಂತೆ, ಸ್ವಂತ ಅಭ್ಯಾಸ ಆಗಲೇಬೇಕು. ಅದಕ್ಕೆ ಬಿಡುವಿಲ್ಲದ ತಿಂಗಳಲ್ಲಿ ಪಾಠ ಶುರುಮಾಡದಿರುವುದೇ ಲೇಸು. ಚೆಂಡಿನ ಬುಟ್ಟಿಯ ಹಣ ಪ್ಯಾಕೇಜ್‌ನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ, ಬಹಳ ಕಡೆ ಸೇರಿರುವುದಿಲ್ಲ.

ಮೊದಲ ತಿಂಗಳು ವಾರಕ್ಕೊಂದು ಪಾಠ ಏಕೆ ಬೇಕು? ಹಿಡಿತಕ್ಕಾಗಿ. ಬಲಗೈ ಆಟಗಾರರಿಗೆ ಕ್ಲಬ್ಬಿನ ಹಿಡಿ ಎಡಗೈಯ ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗಂಟಿನವರೆಗೆ ಬೆರಳುಗಳ ಮೇಲೆ ಓರೆಯಾಗಿ ಕೂರಬೇಕು, ಅಂಗೈಯಲ್ಲಿ ಅಲ್ಲ. ಮೇಲಿಂದ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು, ಮೂರು ಕಂಡರೂ ತಪ್ಪಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು ಬಲಭುಜದ ಕಡೆ ತೋರಬೇಕು. ಬಿಗಿ ಎಷ್ಟು? ಹಣ್ಣಾದ ಸಪೋಟ ಹಿಡಿದಷ್ಟು. ನಮ್ಮಲ್ಲಿ ಗಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಇದು ವಿಚಿತ್ರ ಅನಿಸುತ್ತದೆ. ಬ್ಯಾಟಿನ ರೂಢಿಯಲ್ಲಿ ಕೆಳಗಿನ ಕೈ ಜೋರು ಮಾಡುತ್ತದೆ, ತಲೆ ಚೆಂಡಿನತ್ತ ಮುಂದೆ ಜಾರುತ್ತದೆ. ಮೂವತ್ತು ನಲವತ್ತು ಚೆಂಡು ಹೊಡೆಯುವಷ್ಟರಲ್ಲಿ ಕೈ ತನಗೆ ಗೊತ್ತಿಲ್ಲದೆ ಹಳೆಯ ಹಿಡಿತಕ್ಕೆ ಮರಳಿರುತ್ತದೆ. ವಾರದೊಳಗೆ ಕೋಚ್ ನೋಡಿದರೆ ಇನ್ನೂ ಹಸಿ ಇರುವಾಗಲೇ ತಿದ್ದಬಹುದು. ತಿಂಗಳು ಬಿಟ್ಟರೆ ತಪ್ಪಿನದೇ ನಾನೂರು ಸಲದ ಅಭ್ಯಾಸ ಆಗಿಹೋಗಿರುತ್ತದೆ.

ಹಿಡಿತ ಸರಿಯಿದೆಯೇ ಎಂದು ತಿಳಿಯಲು ಎಡಗೈಗೆ ಹಾಕುವ ಕೈಗವಸನ್ನೇ ತೆಗೆದು ನೋಡಿ. ಎಡ ಅಂಗೈಯ ಹಿಮ್ಮಡಿಯಲ್ಲಿ, ಅಂದರೆ ಮಣಿಕಟ್ಟಿಗೆ ಹತ್ತಿರ ಕಿರುಬೆರಳಿನ ಕಡೆ, ಚರ್ಮ ಉಜ್ಜಿ ತೂತು ಬೀಳುತ್ತಿದ್ದರೆ ಕ್ಲಬ್ ಅಂಗೈಯಲ್ಲಿ ಕೂತು ಹೊಡೆತದ ಹೊತ್ತಿಗೆ ಜಾರುತ್ತಿದೆ ಎಂದರ್ಥ. ಆ ಕೈಗವಸನ್ನು ಮುಂದಿನ ಪಾಠಕ್ಕೆ ತಪ್ಪದೆ ಒಯ್ಯಿರಿ. ಒಳ್ಳೆಯ ಕೋಚ್‌ಗೆ ಅದೊಂದೇ ಸಾಕಷ್ಟು ಹೇಳುತ್ತದೆ.

ಎರಡನೇ ತಿಂಗಳಲ್ಲಿ ಹೆಚ್ಚಿನವರನ್ನು ಕಾಡುವುದು ಸ್ಲೈಸ್. ಚೆಂಡು ಹೊರಟು ಬಲಕ್ಕೆ ತಿರುಗಿ ಹೋಗುತ್ತದೆ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕ್ಲಬ್‌ಫೇಸ್, ಅಂದರೆ ಕ್ಲಬ್ಬಿನಲ್ಲಿ ಚೆಂಡಿಗೆ ತಾಗುವ ಮುಖ. ಸ್ವಿಂಗ್ (ಕ್ಲಬ್ಬಿನ ಬೀಸು) ಬರುವ ದಾರಿಗೆ ಹೋಲಿಸಿ ಫೇಸ್ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಇದು ಗೊತ್ತಿಲ್ಲದ ಹೊಸಬರು ಎಡಕ್ಕೆ ತಿರುಗಿ ನಿಲ್ಲುತ್ತಾರೆ. ಆಗ ಸ್ವಿಂಗಿನ ದಾರಿ ಇನ್ನಷ್ಟು ಎಡಕ್ಕೆ ಹೋಗಿ, ಫೇಸ್ ಅದಕ್ಕೆ ಹೋಲಿಸಿದರೆ ಇನ್ನಷ್ಟು ತೆರೆದು, ಸ್ಲೈಸ್ ಹೆಚ್ಚುತ್ತದೆ. ಈ ಹಂತದಲ್ಲಿ ಹದಿನೈದು ದಿನದ ಅಂತರ ಬೇಕು: ಕೋಚ್ ಒಂದು ಕಾರಣ ಹಿಡಿಯುತ್ತಾರೆ, ಕಲಿಯುವವರು ಅದೊಂದನ್ನೇ ಇನ್ನೂರು ಚೆಂಡಿನಲ್ಲಿ ತಿದ್ದುತ್ತಾರೆ. ಒಂದೇ ಪಾಠದಲ್ಲಿ ಹಿಡಿತ, ಮೊಣಕೈ, ಸೊಂಟ, ತಲೆ ಎಂದು ನಾಲ್ಕು ಸೂಚನೆ ಕೊಡುವ ಕೋಚ್ ಇದ್ದರೆ ಬದಲಿಸಿಕೊಳ್ಳಿ, ಸಂಕೋಚ ಬೇಡ.

ರೇಂಜ್‌ನ ಪ್ಲಾಸ್ಟಿಕ್ ಮ್ಯಾಟ್ ಈ ಸೇವೆಯ ದೊಡ್ಡ ಕೊರತೆ. ಚೆಂಡಿಗಿಂತ ನಾಲ್ಕು ಬೆರಳು ಹಿಂದೆ ನೆಲಕ್ಕೆ ಬಡಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡನ್ನು ಎತ್ತಿಬಿಡುತ್ತದೆ. ಹೊಡೆತ ಚೆನ್ನಾಗಿದೆ ಎನಿಸುತ್ತದೆ. ಅದೇ ಹೊಡೆತ ಹುಲ್ಲಿನ ಮೇಲೆ ಬಿದ್ದರೆ ಮಣ್ಣು ಹಾರುತ್ತದೆ, ಚೆಂಡು ಹತ್ತಡಿ ಹೋಗುತ್ತದೆ. ಮ್ಯಾಟ್ ಮೇಲೆ ಚೆಂಡಿಗಿಂತ ಒಂದು ಗೇಣು ಹಿಂದೆ ಮಡಿಸಿದ ಟವೆಲ್ ಇಟ್ಟು 7-ಐರನ್‌ನಲ್ಲಿ (ಮಧ್ಯಮ ದೂರದ ಕ್ಲಬ್) ಹೊಡೆಯಿರಿ. ಟವೆಲ್ ಅಲುಗಿದರೆ ಆ ಹೊಡೆತ ತಪ್ಪು. ಐವತ್ತು ಚೆಂಡಿನ ಬುಟ್ಟಿಯಲ್ಲಿ ಮೊದಲ ಹದಿನೈದು ಸೊಂಟದೆತ್ತರದ ಅರ್ಧ ಸ್ವಿಂಗ್, ಮುಂದಿನ ಇಪ್ಪತ್ತು 7-ಐರನ್, ಹತ್ತು ವೆಜ್ (ಹತ್ತಿರದ ಹೊಡೆತದ ಕ್ಲಬ್), ಉಳಿದ ಐದು ಮಾತ್ರ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್). ಡ್ರೈವರ್‌ನಿಂದಲೇ ಬುಟ್ಟಿ ಖಾಲಿ ಮಾಡುವವರು ಎಷ್ಟು ಪಾಠ ತೆಗೆದುಕೊಂಡರೂ ನಿಂತಲ್ಲೇ ನಿಲ್ಲುತ್ತಾರೆ.

ಪ್ಯಾಕೇಜ್ ಕೊಳ್ಳುವ ಮುನ್ನ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಹತ್ತರಲ್ಲಿ ಪಟ್ಟಿಂಗ್ (ಚೆಂಡನ್ನು ಗುಳಿಗೆ ಉರುಳಿಸುವುದು) ಮತ್ತು ಚಿಪ್ಪಿಂಗ್‌ಗೆ (ಹತ್ತಿರದಿಂದ ಮೆಲ್ಲಗೆ ಎತ್ತಿ ಹೊಡೆಯುವುದು) ಎಷ್ಟು? ಮೂರಕ್ಕಿಂತ ಕಡಿಮೆ ಇದ್ದರೆ ಅದು ಅರ್ಧ ಗಾಲ್ಫ್. 18 ಗುಳಿಗಳ, ಪಾರ್ 72ರ (72 ಹೊಡೆತದಲ್ಲಿ ಮುಗಿಸುವ ಲೆಕ್ಕದ) ಕೋರ್ಸ್‌ನಲ್ಲಿ, ಅಂದರೆ ಆಟದ ಮೈದಾನದಲ್ಲಿ, ಪ್ರತಿ ಗ್ರೀನ್‌ಗೆ (ಗುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಎರಡರಂತೆ 36 ಹೊಡೆತಗಳು ಪಟ್ಟಿಂಗ್‌ಗೇ ಮೀಸಲು. ಚೆಂಡಿನ ಅಗಲ 42.67 ಮಿಲಿಮೀಟರ್, ಗುಳಿಯ ಅಗಲ 108. ಅದರೊಳಗೆ ಉರುಳಿಸಲು ತೋಳಿನ ಬಲ ಬೇಡ, ವೇಗದ ಅಂದಾಜು ಬೇಕು. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿದ್ದು ದೂರ ಹೊಡೆದಲ್ಲ. ಡ್ರೈವ್ ದೂರದಲ್ಲಿ ಹಿಂದಿದ್ದೂ ಪಟ್ಟರ್‌ನಿಂದ ಮುಂದೆ ಬಂದವರು ಅವರು. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು.

ಪಾಠದ ಹೊತ್ತು 45 ನಿಮಿಷ ಸಾಕು. ಒಂದು ಗಂಟೆಯಾದರೆ ಕೊನೆಯ ಕಾಲು ಗಂಟೆ ಭುಜ ಸೋತು ತಪ್ಪು ಸ್ವಿಂಗ್ ಕಲಿಯುವುದಕ್ಕೇ ಹೋಗುತ್ತದೆ. ಗುಂಪಿನ ಪಾಠ ಅಗ್ಗ, ಆರಂಭಕ್ಕೆ ತೊಂದರೆಯಿಲ್ಲ, ಆದರೆ ಒಬ್ಬ ಕೋಚ್‌ಗೆ ನಾಲ್ವರಿಗಿಂತ ಹೆಚ್ಚು ಬೇಡ. ಎದುರಿನಿಂದ ಒಂದು, ಹಿಂದಿನಿಂದ ಒಂದು ವಿಡಿಯೊ ಮೊಬೈಲ್‌ನಲ್ಲಿ ತೆಗೆದುಕೊಡುವ ಕೋಚ್ ಸಿಕ್ಕರೆ ಚೆಂಡಿನ ವೇಗ, ದಿಕ್ಕು ಅಳೆಯುವ ರಾಡಾರ್ ಯಂತ್ರದ ಅಂಕಿಗಳಿಗೆ ಹೆಚ್ಚುವರಿ ಹಣ ಕೊಡುವ ಅಗತ್ಯ ಈಗಲೇ ಇಲ್ಲ. ಎಡಗೈ ಆಟಗಾರರು ಎಡಗೈ ಕ್ಲಬ್ಬುಗಳಿವೆಯೇ ಎಂದು ಫೋನ್ ಮಾಡಿಯೇ ಹೊರಡಿ.

ಕೊನೆಯ ಎರಡು ಪಾಠಗಳಲ್ಲಿ ಒಂದನ್ನಾದರೂ ನಿಜವಾದ ಕೋರ್ಸ್ ಮೇಲೆ, ಮೂರು ನಾಲ್ಕು ಹೋಲ್‌ಗಳಲ್ಲಿ ಆಡಿಸುವಂತೆ ಪ್ಯಾಕೇಜ್ ಬರೆಸಿಕೊಳ್ಳಿ. ಏರಿಳಿತದ ನೆಲ, ಮರಳು, ಬಂಕರ್ (ಮರಳಿನ ಗುಂಡಿ) ಕೆದಕಿ ಸಮ ಮಾಡುವ ಶಿಸ್ತು, ಯಾರು ಮೊದಲು ಹೊಡೆಯಬೇಕೆಂಬ ಕ್ರಮ ರೇಂಜ್‌ನಲ್ಲಿ ಕಲಿಯಲು ಸಿಗುವುದಿಲ್ಲ. ಕೋರ್ಸ್ ನಡೆಸುವ ಹಲವು ಗಾಲ್ಫ್ ಸಂಸ್ಥೆಗಳು ನಿಯಮ ಮತ್ತು ಆಟದ ಪರೀಕ್ಷೆ ಮುಗಿಸದ ಹೊಸಬರನ್ನು ಕೋರ್ಸ್‌ಗೆ ಇಳಿಸುವುದಿಲ್ಲ. ಹಾಗಾಗಿ ಆ ಪರೀಕ್ಷೆಯ ತಯಾರಿಯೂ ಪಾಠದಲ್ಲಿ ಸೇರಿದೆಯೇ, ಕೋರ್ಸ್‌ನ ಶುಲ್ಕ ಯಾರು ಕಟ್ಟುತ್ತಾರೆ, ಮಳೆ ಬಂದು ಪಾಠ ನಿಂತರೆ ಇನ್ನೊಂದು ದಿನ ಸಿಗುತ್ತದೆಯೇ ಎಂಬ ಮೂರನ್ನೂ ರಸೀದಿಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿ.