ಬಟನ್ ಸ್ಟಾರ್ಟ್ ಕಾರಿನ ಕೀ ಕಳೆದರೆ: ಶೋರೂಮಾ, ಕೀ ಮಾಡುವವರಾ?

ಹಾಸನದಲ್ಲಿ ಒಂದೇ ಕಾರಿಗೆ ಎರಡೂ ಕಡೆ ಕೀ ಮಾಡಿಸಿದ್ದೇನೆ. ಒಂದು ಕೀ ಕಳೆದುಹೋಗಿತ್ತು, ಇನ್ನೊಂದು ಮನೆಯಲ್ಲಿತ್ತು. ಶೋರೂಮಿಗೆ ಆರ್ಡರ್ ಕೊಟ್ಟೆ. ನನ್ನ ಹೆಂಡತಿ ದಿನಾ ಬೇಲೂರಿಗೆ ಡ್ಯೂಟಿಗೆ ಅದೇ ಕಾರಲ್ಲಿ ಹೋಗುತ್ತಾಳೆ, ಇರುವ ಒಂದು ಕೀಗೂ ಏನಾದರೂ ಆದರೆ ಕಾರು ದಾರಿಯಲ್ಲೇ ಉಳಿಯುತ್ತೆ ಅಂತ, ಶೋರೂಮಿನ ಕೀ ಬರುವಷ್ಟರಲ್ಲಿ ಕೀ ಮಾಡುವವರನ್ನೂ ಕರೆಸಿದೆ.

ಶೋರೂಮಿನವರು ಆರ್‌ಸಿ, ಆಧಾರ್, ಪೊಲೀಸ್ ದೂರಿನ ಪ್ರತಿ ಕೇಳಿದರು. ಛಾಸಿ ನಂಬರ್ ಮೇಲೆ ಕೀ ತರಿಸುತ್ತಾರೆ, ಹಾಗಾಗಿ ಕಾಯಬೇಕು. ದುಡ್ಡೂ ಜಾಸ್ತಿ. ಆದರೆ ಕೀ ಅಂದರೆ ಕೀ! ಜೇಬಿನಲ್ಲಿದ್ದರೆ ಸಾಕು, ಹ್ಯಾಂಡಲ್ ಮುಟ್ಟುತ್ತಿದ್ದಂತೆ ಬಾಗಿಲು ತೆರೆಯುತ್ತೆ.

ಕೀ ಮಾಡುವವರು ಮನೆ ಬಾಗಿಲಿಗೇ ಬಂದರು. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರಿಗೆ ಮೆಷಿನ್ ಜೋಡಿಸುವ ಜಾಗ) ಮೆಷಿನ್ ಚುಚ್ಚಿ, ಹೊಸ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದರು, ಡ್ಯಾಶ್‌ಬೋರ್ಡಿನಲ್ಲಿ ಮಿನುಗುತ್ತಿದ್ದ ಕೀ ಗುರುತು ಆರಿತು, ಇಂಜಿನ್ ಸ್ಟಾರ್ಟ್. ಖರ್ಚು ಶೋರೂಮಿನ ಅರ್ಧದಷ್ಟೂ ಆಗಲಿಲ್ಲ. ಆ ಕೀಯ ಬಟನ್ ಸ್ವಲ್ಪ ಗಟ್ಟಿ, ದೂರದಿಂದ ಒತ್ತಿದರೆ ಕೆಲವು ಸಲ ಲಾಕ್ ಆಗುವುದಿಲ್ಲ. ನನಗೆ ಅದು ದೊಡ್ಡ ತೊಂದರೆ ಅನ್ನಿಸಲಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಹೊಸ ಕೀ ಸೇರಿಸಿದ ಮಾತ್ರಕ್ಕೆ ಕಳೆದ ಕೀ ಸತ್ತುಹೋಗುವುದಿಲ್ಲ. ಅದನ್ನು ಕಾರಿನ ಮೆಮೊರಿಯಿಂದ ಅಳಿಸಬೇಕು, ಇಲ್ಲದಿದ್ದರೆ ಸಿಕ್ಕಿದವರು ಬಾಗಿಲು ತೆಗೆದು ಓಡಿಸಿಕೊಂಡು ಹೋಗಬಹುದು. ಶೋರೂಮಿನವರು ಇರುವ ಕೀ ಎಲ್ಲಾ ತನ್ನಿ ಅಂದರು, ಎಷ್ಟೋ ಕಾರುಗಳಲ್ಲಿ ಹಳೆಯದನ್ನೆಲ್ಲ ಅಳಿಸಿ ಮತ್ತೆ ಒಂದೊಂದಾಗಿ ಸೇರಿಸಬೇಕಾಗುತ್ತೆ. ಕೀ ಮಾಡುವವರು ತಾವಾಗಿ ಈ ಮಾತೇ ಎತ್ತಲಿಲ್ಲ, ನಾನು ಕೇಳಿದ ಮೇಲೆ ಮಾಡಿಕೊಟ್ಟರು. ದಯವಿಟ್ಟು ನೀವೂ ಕೇಳಿ, ದುಡ್ಡು ಕೊಡುವ ಮುಂಚೆ.

ಒಂದು ಕೀ ಉಳಿದಿದ್ದರೆ ಪರಿಚಯದ, ನಂಬಿಕೆಯ ಕೀ ಮಾಡುವವರೇ ಸಾಕು ಅಂತ ನನ್ನ ಅಭಿಪ್ರಾಯ. ಎರಡೂ ಹೋಗಿದ್ದರೂ ಮೊದಲು ಅವರನ್ನೇ ವಿಚಾರಿಸಿ, ಸಕಲೇಶಪುರದ ಕಡೆ ತೋಟದಲ್ಲಿ ನಿಂತ ಕಾರನ್ನು ಹಾಸನದ ಶೋರೂಮಿಗೆ ಎಳೆಸಿಕೊಂಡು ಬರುವುದು ಸುಮ್ನೆ ಮಾತಲ್ಲ ಅಲ್ವಾ? ಆದರೆ ವಾರಂಟಿ ಇನ್ನೂ ಇದ್ದರೆ, ಅಥವಾ ಇನ್ಶೂರೆನ್ಸ್‌ನಲ್ಲಿ ಕೀ ಕಳೆದರೆ ದುಡ್ಡು ಕೊಡುವ ಕವರ್ ತಗೊಂಡಿದ್ದರೆ, ಶೋರೂಮಿಗೇ ಹೋಗಿ, ಬಿಲ್ಲು, ದೂರಿನ ಪ್ರತಿ ಎರಡೂ ಇಟ್ಟುಕೊಳ್ಳಿ.

ಆನ್‌ಲೈನಿನಲ್ಲಿ ಸಿಗುವ ಹಳೇ ಕೀ ಮಾತ್ರ ಬೇಡ. ಒಂದು ಕಾರಿಗೆ ಪ್ರೋಗ್ರಾಂ ಆದ ಸ್ಮಾರ್ಟ್ ಕೀ ಎಷ್ಟೋ ಸಲ ಇನ್ನೊಂದಕ್ಕೆ ಒಪ್ಪುವುದೇ ಇಲ್ಲ.