ಮನೆ ಹತ್ತಿರ ಕತ್ತಿವರಸೆ ಶಾಲೆ ಹುಡುಕಲು ಹೋಗಿ ಒಂದೂವರೆ ಗಂಟೆ ದೂರ ಸೇರಿಕೊಂಡೆ: ಆರು ವರ್ಷದ ಅನುಭವ

ನಾನಿರುವುದು ಟೋಕಿಯೊದ ನಿಶಿ-ಕಸಾಯ್‌ನಲ್ಲಿ. ನಮ್ಮವರು ಜಾಸ್ತಿ ಇರುವ ಏರಿಯಾ, ಅಂಗಡಿಯಲ್ಲಿ ತೊಗರಿಬೇಳೆ ಸಿಗುತ್ತದೆ, ಸ್ಟೇಷನ್ ಹತ್ತಿರ ಆಗಾಗ ಕನ್ನಡವೂ ಕಿವಿಗೆ ಬೀಳುತ್ತದೆ. ಹಾಗಾಗಿ 2018ರಲ್ಲಿ ಕತ್ತಿವರಸೆ ಕಲಿಯುವ ಹುಚ್ಚು ಹತ್ತಿದಾಗ ಅದೂ ಇಲ್ಲೇ ಎಲ್ಲೋ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಸಿಗುತ್ತದೆ ಅಂದುಕೊಂಡೆ. ಜಪಾನ್ ಅಲ್ವಾ, ಗಲ್ಲಿಗೊಂದು ಇರಬೇಕು.

ಫೋನಿನಲ್ಲಿ ಹುಡುಕಿದರೆ ಬಂದಿದ್ದರಲ್ಲಿ ಮುಕ್ಕಾಲು ಪಾಲು ಕೆಂಡೊ ಕ್ಲಬ್ಬುಗಳು. ಕೆಂಡೊ ಒಳ್ಳೆಯದೇ, ಮೈಗೆ ಕವಚ ಹಾಕಿಕೊಂಡು ಬಿದಿರಿನ ಕತ್ತಿಯಲ್ಲಿ ಹೊಡೆದಾಡುವ ಆಟ, ಎಲ್ಲ ಕಡೆ ಸಿಗುತ್ತದೆ, ದುಡ್ಡೂ ಕಡಿಮೆ. ಆದರೆ ನನಗೆ ಬೇಕಿದ್ದಿದ್ದು ಹಳೆಯದು, ಇಲ್ಲಿನವರು ಕೊರ್ಯು ಅನ್ನುತ್ತಾರಲ್ಲ, 1868ರಲ್ಲಿ ಶುರುವಾದ ಮೇಜಿ ಚಕ್ರವರ್ತಿಯ ಕಾಲಕ್ಕೂ ಮುಂಚಿನ ಶಾಲೆಗಳು, ಅದು. ಕೆಂಡೊ ಬಿಟ್ಟರೆ ಅಸಾಕುಸಾದಲ್ಲಿ ಪ್ರವಾಸಿಗಳಿಗೆ ಬಾಡಿಗೆ ಬಟ್ಟೆ ತೊಡಿಸಿ, ಚಾಪೆ ಸುರುಳಿ ಕಡಿಸಿ, ಫೋಟೊ ಕೊಟ್ಟು ಕಳಿಸುವ ಒಂದೆರಡು ಜಾಗ. ಆಮೇಲೆ ನಮ್ಮ ಮನೆಯಿಂದ ಹತ್ತೇ ನಿಮಿಷದ ದಾರಿಯಲ್ಲಿ ಇನ್ನೊಂದು.

ಆ ಹತ್ತು ನಿಮಿಷದ್ದಕ್ಕೇ ಬಿದ್ದೆ. ಹೆಸರು ಹೇಳುವುದಿಲ್ಲ. ಗೋಡೆ ತುಂಬ ಪ್ರಮಾಣಪತ್ರ, ಶಿಷ್ಯರ ಸೊಂಟಕ್ಕೆ ಬಣ್ಣಬಣ್ಣದ ಬೆಲ್ಟು, ಹೋದ ದಿನವೇ ಮೂರು ತಿಂಗಳ ಫೀಸು 36,000 ಯೆನ್ ಮುಂಗಡ. ಕತ್ತಿಯನ್ನು ಬೆರಳಲ್ಲಿ ಗಿರಗಿರ ತಿರುಗಿಸುವುದು ಕಲಿಸಿದರು. ನನಗೂ ಮೊದಲು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆರನೇ ವಾರ ಸುಮ್ನೆ ಮಾತಿಗೆ ಕೇಳಿದೆ, 'ನಿಮಗೆ ಕಲಿಸಿದವರು ಯಾರು, ಯಾವ ಊರಿನವರು?' ಅಂತ. ಅವರ ಮುಖ ಬಿಗಿಯಾಯಿತು. 'ಬೆಟ್ಟದಲ್ಲಿ ಒಬ್ಬರು ಹಿರಿಯರು, ಈಗಿಲ್ಲ' ಅಂದರು. ಊರಿನ ಹೆಸರು ಕೊನೆಗೂ ಬರಲಿಲ್ಲ. ಮಿಕ್ಕ ದುಡ್ಡೂ ವಾಪಸ್ ಬರಲಿಲ್ಲ.

ಇದರಿಂದ ಗೊತ್ತಾಗಿದ್ದು ಏನೆಂದರೆ, 'ಹತ್ತಿರ' ಅಂತ ಹುಡುಕುವುದೇ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. 1876ರಲ್ಲಿ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ಸರ್ಕಾರ ನಿಷೇಧಿಸಿತು. ಹೊಟ್ಟೆಪಾಡಿಗೆ ಆಗದ ವಿದ್ಯೆ ಎಷ್ಟು ದಿನ ಉಳಿಯುತ್ತದೆ? ಉಳಿದ ಶಾಲೆಗಳು ಒಬ್ಬರಿಂದ ಒಬ್ಬರಿಗೆ ಬಂದವು, ಎಷ್ಟೋ ಶಾಲೆಗಳು ಒಂದೊಂದು ಊರಿಗೆ ಅಂಟಿಕೊಂಡೇ ಉಳಿದಿವೆ. ಕತೋರಿ ಶಿಂತೊ-ರ್ಯು (ರ್ಯು ಅಂದರೆ ಶಾಲೆ, ಪರಂಪರೆ) ಬೇಕೆಂದರೆ ಅದರ ಬೇರು ಚಿಬಾದ ಕತೋರಿ ದೇಗುಲದ ಊರಿನಲ್ಲಿದೆ. ಜಿಗೆನ್-ರ್ಯು ಕಾಗೊಶಿಮಾದ್ದು. ಯಾಗ್ಯು ಮನೆತನದ ಒವಾರಿ ಶಾಖೆ ನಗೋಯಾದ್ದು. ನಾವು ಬಾಡಿಗೆ ಮನೆ ಹಿಡಿದಿದ್ದು ಆಫೀಸು ನೋಡಿಕೊಂಡು, ಅವು ಬೆಳೆದಿದ್ದು ಯಾವುದೋ ದೊರೆಯ ಕೋಟೆ ನೋಡಿಕೊಂಡು. ಎರಡೂ ಕೂಡಿಬರಬೇಕಾದರೆ ಅದೃಷ್ಟ ಬೇಕು.

ದಾರಿ ತೋರಿಸಿದ್ದು ನಮ್ಮ ವಾರ್ಡಿನ ಜಿಮ್‌ನಲ್ಲಿ ಕೆಂಡೊ ಆಡುವ ಒಬ್ಬ ಅಜ್ಜ. 'ನವೆಂಬರ್ 3ಕ್ಕೆ ಮೇಜಿ ದೇಗುಲಕ್ಕೆ ಹೋಗಿ, ಅಲ್ಲಿ ಎಲ್ಲರೂ ಬರುತ್ತಾರೆ' ಅಂದರು. ನಿಜ. ಆ ದಿನ ಹುಲ್ಲಿನ ಬಯಲಿನಲ್ಲಿ ಒಂದಾದ ಮೇಲೊಂದು ಹಳೆಯ ಶಾಲೆ ಬಂದು ತಮ್ಮ ವರಸೆ ತೋರಿಸುತ್ತವೆ, ಪುಕ್ಕಟೆ ನೋಡಬಹುದು. ಬತ್ತಿ ಕೋವಿಯನ್ನೂ ಹಾರಿಸಿದರು, ಎದೆ ಝಲ್ ಅಂತು. ಸುಮಾರಾಗಿ ಇದೇ ಥರದ್ದು ನಿಪ್ಪೊನ್ ಬುದೊಕಾನ್ ಅನ್ನುವ ಟೋಕಿಯೊದ ದೊಡ್ಡ ಒಳಾಂಗಣದಲ್ಲೂ ವರ್ಷಕ್ಕೊಮ್ಮೆ ಫೆಬ್ರವರಿ ಆಸುಪಾಸಿನಲ್ಲಿ ನಡೆಯುತ್ತದೆ. ಪಟ್ಟಿ ಬೇಕೆಂದರೆ 1979ರಲ್ಲಿ ಶುರುವಾದ ನಿಹೊನ್ ಕೊಬುದೊ ಕ್ಯೋಕಾಯ್ ಅನ್ನುವ ಸಂಘದ ಸದಸ್ಯ ಶಾಲೆಗಳನ್ನು ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಮೋಸ ಅಂತಲ್ಲ, ಸಂಘದ ಹೊರಗೂ ಒಳ್ಳೆಯ ಶಾಲೆಗಳಿವೆ. ಆದರೆ ಶುರು ಮಾಡಲು ಅದು ಸಾಕು.

ಅಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಇತ್ತೊ-ರ್ಯು. ಇತೊ ಇತ್ತೊಸಾಯ್ ಅನ್ನುವವರಿಂದ ಬಂದ ಪರಂಪರೆ, ಅವರ ಶಿಷ್ಯ ಒನೊ ತದಅಕಿ ತೊಕುಗಾವಾ ಶೋಗನ್‌ಗೆ, ಅಂದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿಗೆ, ಗುರು. ಇದರ ಒಂದು ಶಾಖೆಯನ್ನು ಕಲಿಸುವ ಸಣ್ಣ ಗುಂಪು ಮಿತಾಕಾದ ಆಚೆ ಇದೆ ಅಂತ ತಿಳಿಯಿತು. ತೊಝಾಯ್ ಲೈನ್‌ನಲ್ಲಿ ಮಿತಾಕಾ ಬೋರ್ಡಿನ ರೈಲು ಹತ್ತಿದರೆ ಎಲ್ಲೂ ಬದಲಾಯಿಸಬೇಕಿಲ್ಲ, ಅಲ್ಲಿಂದ ಬಸ್ಸು. ಮನೆ ಬಾಗಿಲಿಂದ ಒಂದೂವರೆ ಗಂಟೆ. ಅವರ ವೆಬ್‌ಸೈಟು ನೋಡಿದರೆ ಯಾರೋ ಕಾಲೇಜು ಹುಡುಗ ಮಾಡಿಕೊಟ್ಟು ಮರೆತುಹೋದ ಹಾಗಿತ್ತು. ಈಮೇಲ್ ಹಾಕಿದೆ. ಮೂರು ವಾರ ಸದ್ದಿಲ್ಲ. ಆಮೇಲೆ ಒಂದೇ ಸಾಲು: 'ಬಂದು ನೋಡಿ.'

ಬಂದು ನೋಡುವುದಕ್ಕೆ ಕೆಂಗಾಕು ಅನ್ನುತ್ತಾರೆ. ಬಿಡುವುದೇ ಇಲ್ಲ ಅನ್ನುವ, ಇಲ್ಲವೇ ಅದಕ್ಕೂ ದುಡ್ಡು ಕೇಳುವ ಜಾಗಕ್ಕೆ ನಾನಂತೂ ಹೋಗುವುದಿಲ್ಲ. ಮೂಲೆಯಲ್ಲಿ ಎರಡು ಗಂಟೆ ಮಂಡಿಯೂರಿ, ಹಿಮ್ಮಡಿ ಮೇಲೆ ಕೂತೆ. ಚಕ್ಕಳಮಕ್ಕಳ ಹಾಕಿ ಬೆಳೆದ ಕಾಲು ಇದು, ಏಳುವಾಗ ಪೂರ್ತಿ ಜೋಮು ಹಿಡಿದು ಗೋಡೆಗೆ ಒರಗಿಬಿಟ್ಟೆ. ಯಾರೂ ನಗಲಿಲ್ಲ, ಒಬ್ಬ ಹೆಂಗಸು ಮಾತ್ರ 'ಎಲ್ಲರಿಗೂ ಆಗುತ್ತೆ' ಅಂದರು. ಹೊರಡುವಾಗ ಹಿಂದಿನ ಅನುಭವ ನೆನಪಾಗಿ ಅದೇ ಪ್ರಶ್ನೆ ಕೇಳಿದೆ, ಕಲಿಸಿದವರು ಯಾರು ಅಂತ. ಅಲ್ಲಿನ ಗುರು, ಸೆನ್ಸೆಯ್ ಅನ್ನುತ್ತಾರೆ, ನಿಂತಲ್ಲೇ ಹೆಸರು, ಊರು, ಎಷ್ಟು ವರ್ಷ ಕಲಿತರು, ಅವರಿಗೆ ಯಾರು ಕಲಿಸಿದರು, ಎಲ್ಲ ಹೇಳಿದರು. ಕೇಳಿದ್ದಕ್ಕೆ ಅವರಿಗೆ ಖುಷಿಯೇ ಆದಂತಿತ್ತು.

2019ರ ಜನವರಿಯಲ್ಲಿ ಸೇರಿದೆ. ಸೇರುವಾಗ 10,000 ಯೆನ್, ತಿಂಗಳಿಗೆ 4,000. ಅದರ ಜೊತೆ ಬಟ್ಟೆ, ವಿಮೆ, ಮರದ ಕತ್ತಿ. ಮರದ ಕತ್ತಿಗೆ ಬೊಕುತೊ ಅನ್ನುತ್ತಾರೆ. ನಾನು ಬುದ್ಧಿವಂತಿಕೆ ಮಾಡಿ ಮೊದಲೇ ಅಂಗಡಿಯಿಂದ ಕೆಂಪು ಓಕ್‌ನದ್ದು ತಂದಿದ್ದೆ. ಶಾಲೆಯ ಅಳತೆ ಬೇರೆ, ಮರ ಬಿಳಿ ಓಕ್ ಬೇಕು, ಇಲ್ಲದಿದ್ದರೆ ಏಟಿಗೆ ತಾಳುವುದಿಲ್ಲ. ಕೆಂಪಿನದ್ದು ಈಗ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಉಪಯೋಗಕ್ಕೆ ಬರುತ್ತಿದೆ. ಸೇರುವ ತನಕ ಏನೂ ಕೊಳ್ಳಬೇಡಿ. ಅಂದಹಾಗೆ ಫೀಸಿಗಿಂತ ರೈಲು ಬಸ್ಸಿನ ಖರ್ಚೇ ಜಾಸ್ತಿ.

ಕಲಿಕೆ ಹೇಗಿದೆ ಅಂದರೆ, ನಿಧಾನ. ದೊಡ್ಡ ಕತ್ತಿಯ ವರಸೆಗಳು 50, ಮೊದಲನೆಯದರ ಹೆಸರು ಹಿತೊತ್ಸುಗಾಚಿ, ಅಂದರೆ ಒಂದು ಗೆಲುವು. ಅದರೊಳಗೆ ಕಿರಿಒತೊಶಿ ಅನ್ನುವ ಒಂದು ಪಟ್ಟು ಇದೆ. ಎದುರಿನವರು ನೆಟ್ಟಗೆ ನಿಮ್ಮ ತಲೆಗೆ ಕತ್ತಿ ಇಳಿಸುತ್ತಾರೆ. ನೀವು ಪಕ್ಕಕ್ಕೆ ಸರಿಯುವಂತಿಲ್ಲ, ಅಡ್ಡ ಹಿಡಿಯುವಂತಿಲ್ಲ. ಅದೇ ಗೆರೆಯಲ್ಲಿ ನೀವೂ ನೆಟ್ಟಗೆ ಇಳಿಸಬೇಕು. ಸರಿಯಾಗಿ ಬಂದರೆ ನಿಮ್ಮ ಕತ್ತಿ ಅವರದ್ದರ ಮೇಲೆ ಜಾರಿ ಅದನ್ನು ಹೊರಗೆ ತಳ್ಳಿ ತಾನು ಒಳಗೆ ಹೋಗುತ್ತದೆ. ನನಗೆ ಎರಡು ವರ್ಷ ಬರಲಿಲ್ಲ. ತಪ್ಪಾದಾಗ ಮರ ಮರಕ್ಕೆ ಬಡಿದು 'ಟಪ್' ಅನ್ನುತ್ತದೆ, ಸರಿಯಾದಾಗ 'ಟಕ್' ಅಂತ ಒಣ ಸದ್ದು. ಸೆನ್ಸೆಯ್ ಬೆನ್ನು ತಿರುಗಿಸಿಕೊಂಡಿದ್ದರೂ ಸದ್ದು ಕೇಳಿಯೇ 'ಮೊ ಇಚಿದೊ' ಅನ್ನುತ್ತಿದ್ದರು. ಇನ್ನೊಂದು ಸಲ.

ನಾನು ಆರು ವರ್ಷದಿಂದ ಬಿಡದೆ ಹೋಗುತ್ತಿರುವುದಕ್ಕೆ ಕಾರಣ ಮಾತ್ರ ಬೇರೆ. ಇಲ್ಲಿ ಜೋಡಿ ಅಭ್ಯಾಸದಲ್ಲಿ ಸೋಲುವ ಪಾತ್ರ ಹಿರಿಯರದ್ದು. ಅದಕ್ಕೆ ಉಚಿದಾಚಿ ಅನ್ನುತ್ತಾರೆ. ಹೊಸಬ ಪ್ರತಿ ಸಲ ಗೆಲ್ಲುತ್ತಾನೆ, ಹಿರಿಯರು ಪ್ರತಿ ಸಲ ಏಟು ತಿನ್ನುತ್ತಾರೆ. ಏಟು ತಡೆಯಲು ಒನಿಗೊತೆ ಅನ್ನುವ ದಪ್ಪ ಕೈಗವಸು ಇದೆ. ಒನಿ ಅಂದರೆ ರಾಕ್ಷಸ. ಎರಡು ಚಿಕ್ಕ ದಿಂಬನ್ನು ಮೊಣಕೈವರೆಗೆ ಕಟ್ಟಿಕೊಂಡ ಹಾಗೆ ಕಾಣುತ್ತದೆ. ನಮ್ಮ ಸೆನ್ಸೆಯ್‌ಗೆ ಆಗ 74. ಅಪ್ಪನ ವಯಸ್ಸಿನವರ ಕೈಗೆ ಹೇಗೆ ಹೊಡೆಯುವುದು, ನಾನು ಮೆಲ್ಲಗೆ ಮುಟ್ಟಿಸಿ ಬಿಡುತ್ತಿದ್ದೆ. ಮೂರನೇ ಸಲಕ್ಕೆ ಅವರು ನಿಲ್ಲಿಸಿದರು. ಗವಸು ಎತ್ತಿ ನನ್ನ ಮುಖದ ಮುಂದೆ ಹಿಡಿದು, 'ನೀವು ಹೊಡೆಯೋದೇ ಇಲ್ಲ ಅಂದರೆ ನಾನು ಈ ಸೆಖೆಯಲ್ಲಿ ಇದನ್ನ ಯಾಕೆ ಹಾಕ್ಕೊಂಡಿದ್ದೀನಿ?' ಅಂದರು. ಹೊಡೆದೆ. 'ಹಾಂ' ಅಂದರು. ಮತ್ತೆ ಮೊದಲಿನಿಂದ.

ದೂರುಗಳೂ ಇವೆ. ಹಾಲ್ ಸಿಗುವುದು ಲಾಟರಿಯಲ್ಲಿ, ಹಾಗಾಗಿ ಅಭ್ಯಾಸದ ವಾರ ತಿಂಗಳು ತಿಂಗಳೂ ಬದಲಾಗುತ್ತದೆ. ಚಳಿಗಾಲದಲ್ಲಿ ಬರಿಗಾಲಲ್ಲಿ ಆ ಮರದ ನೆಲ ಮಂಜುಗಡ್ಡೆ. 2020ರಲ್ಲಿ ಹಾಲ್ ಮುಚ್ಚಿದಾಗ ತಿಂಗಳುಗಟ್ಟಲೆ ಏನೂ ಇಲ್ಲ, ಆನ್‌ಲೈನ್ ಅಂತೂ ಕೇಳಲೇಬೇಡಿ. ಮನೆಯಲ್ಲೇ ಬೀಸಲು ಹೋಗಿ ಟ್ಯೂಬ್‌ಲೈಟ್ ಒಡೆದೆ, ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಬೆಲ್ಟು ಗಿಲ್ಟು ಇಲ್ಲ, ಪರೀಕ್ಷೆ ಇಲ್ಲ, ನೀವು ಎಷ್ಟು ಕಲಿತಿರಿ ಅಂತ ಯಾರಿಗೂ ತೋರಿಸಲು ಆಗುವುದಿಲ್ಲ. ಜಪಾನಿ ಭಾಷೆ ಬರದಿದ್ದರೆ ಕಷ್ಟ. ಮಕ್ಕಳಿಗಂತೂ ಇದು ಬೇಡ, ಅವರಿಗೆ ಕೆಂಡೊನೇ ಸರಿ, ಓಡಾಡಿ ಕಿರುಚಿ ಹೊಡೆದಾಡಬಹುದು.

ಊರಿನ ಗೆಳೆಯರು ಕೇಳುತ್ತಿರುತ್ತಾರೆ, ಬೇರೆ ದೇಶದಲ್ಲಿ ಇಂಥದ್ದು ಕಲಿಯಬಹುದಾ ಅಂತ. ಕಲಿಯಬಹುದು, ಮೂಲ ಶಾಲೆಯ ಒಪ್ಪಿಗೆ ಇರುವವರು ಹೊರಗೂ ಕಲಿಸುತ್ತಾರೆ. ಆ ಒಂದು ಪ್ರಶ್ನೆ ಕೇಳಿ ನೋಡಿ ಸಾಕು. ಗರಡಿಮನೆಯಲ್ಲಿ ಉಸ್ತಾದರನ್ನು ಕೇಳಿದರೆ ತಮ್ಮ ಗುರುವಿನ ಹೆಸರು ಥಟ್ ಅಂತ ಹೇಳುವುದಿಲ್ಲವಾ, ಹಾಗೇ ಬರಬೇಕು ಉತ್ತರ.

ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಆ ಬಸ್ಸಿಗೆ, ರಾತ್ರಿ ಒಂಬತ್ತರ ಮೇಲೆ ಅರ್ಧ ಗಂಟೆಗೊಂದು ಬರುತ್ತದೆ. ನೋಡಲು ಹೋಗುವವರಿಗೆ ಇನ್ನೊಂದು ಮಾತು: ತೂತಿಲ್ಲದ ಸಾಕ್ಸ್ ಹಾಕಿಕೊಂಡು ಹೋಗಿ, ಬಾಗಿಲಲ್ಲೇ ಶೂ ಬಿಚ್ಚಿಸುತ್ತಾರೆ. ಮುಗಿದ ಮೇಲೆ ಎಲ್ಲರೂ ಬಟ್ಟೆ ಹಿಡಿದು ನೆಲ ಒರೆಸುತ್ತಾರೆ, ಸೆನ್ಸೆಯ್ ಕೂಡ. ನಿಮ್ಮ ಕೈಗೂ ಒಂದು ಬಟ್ಟೆ ಕೊಟ್ಟರೆ ಬೇಡ ಅನ್ನಬೇಡಿ.